ಕಸಿಕತ್ತಿಗೆ ಒಂದೇ ಬದಿ

ಸಿರಸಿ ಪೇಟೆಯ ಸಾಣೆಯವನು ನನ್ನ ಕಸಿಕತ್ತಿಯನ್ನು ತನ್ನ ಮುಂಗೈ ಮೇಲೆ ಒಮ್ಮೆ ಎಳೆದು ತೋರಿಸಿದ. ಎರಡು ಬೆರಳಗಲದ ಕೂದಲು ನುಣ್ಣಗೆ ಹೋಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಖುಷಿಯೇ ಆಯಿತು. ಇಪ್ಪತ್ತೆರಡು ವರ್ಷದಿಂದ ಗಿಡಗಳಿಗೆ ಕಸಿ ಕಟ್ಟುತ್ತಿರುವವಳು ನಾನು, ಕತ್ತಿಯನ್ನು ಒಂದು ದಿನವೂ ಬೇರೆಯವರ ಕೈಗೆ ಕೊಟ್ಟವಳಲ್ಲ. ಆದರೆ ಆ ವರ್ಷ ನಾನು ಕತ್ತಿ ಹಿಡಿಯುವ ಎಡಗೈಯ ಮಣಿಕಟ್ಟು ಬಾತುಕೊಂಡಿತ್ತು, ಹದಿನೈದು ದಿನ ಕೈ ಅಲ್ಲಾಡಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಕಲ್ಲಿನ ಮೇಲೆ ಮಸೆಯುವುದೆಂದರೆ ಪೂರ್ತಿ ಮಣಿಕಟ್ಟಿನದೇ ಕೆಲಸ. ಔಷಧಿಗೆಂದು ಸಿರಸಿಗೆ ಬಂದವಳು ಮೋಟಾರು ಸಾಣೆ ತಿರುಗುತ್ತಿರುವುದನ್ನು ಕಂಡು, ಐದು ನಿಮಿಷದ ಕೆಲಸಕ್ಕೆ ಕೈ ಯಾಕೆ ನೋಯಿಸಿಕೊಳ್ಳಲಿ ಎಂದು ಕೊಟ್ಟುಬಿಟ್ಟೆ.

ಅವನು ಬನವಾಸಿಯಿಂದಾಚೆ, ಮೂಡಣ ಕಡೆಯವನು. ಕತ್ತಿ ಒರೆಸಿ ಕೊಡುತ್ತ ಹೇಳಿದ, "ಎರಡೂ ಕಡೆ ಛಲೋ ಹಿಡದೀನ್ರಿ ಅಕ್ಕಾರ. ಮೊದಲ ಒಂದ ಕಡೆ ಅಷ್ಟ ಇತ್ತು ನೋಡ್ರಿ."

ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಯಾಕೆಂದರೆ ಅದೇ ಹೊತ್ತಿಗೆ ಫೋನು ಬಂತು. ಮಾಗೋಡಿನ ಕಡೆಯ ಅಕ್ಕ.

ಈ ಅಕ್ಕ ನನ್ನ ಒಡಹುಟ್ಟಿದವಳಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುವವರು, ನಾನು ಕರೆಯುವುದು ಹಾಗೆ. ಅವರ ಮನೆಯ ಕೆಳಗೆ ಹಳ್ಳದ ದಂಡೆಯಲ್ಲಿ ಒಂದು ಹಳೇ ಮಾವಿನ ಮರ. ಅದರ ಮಿಡಿಯ ತೊಟ್ಟು ಮುರಿದರೆ ಚಿಮ್ಮುವ ಸೊನೆಗೆ ಹುರಿದ ಜೀರಿಗೆಯ ವಾಸನೆ, ಎಲೆ ತಿಕ್ಕಿದರೂ ಅದೇ ವಾಸನೆ. ಉಪ್ಪಿನಲ್ಲಿ ಮೂರು ವರ್ಷ ಇಟ್ಟರೂ ಮಿಡಿ ಮೆತ್ತಗಾಗುವುದಿಲ್ಲ. ಅಕ್ಕನ ಭರಣಿಗಳಿಗೆ ಹೆಸರು ಬಂದದ್ದೇ ಆ ಒಂದು ಮರದಿಂದ. ಅದರ ಜಾತಿಯದು ಇನ್ನೊಂದಿಲ್ಲ. ಗೊರಟು ಹಾಕಿ ಎಬ್ಬಿಸಿದ ಗಿಡ ತಾಯಿಯ ಹಾಗೆ ಬರುವುದೂ ಇಲ್ಲ. ಆ ಮರ ಉಳಿಯಬೇಕಾದರೆ ಅದರ ಕಡ್ಡಿಯನ್ನು ಕಾಟುಮಾವಿನ, ಅಂದರೆ ಕಾಡುಮಾವಿನ, ಗಿಡಕ್ಕೆ ಕಸಿ ಕಟ್ಟಬೇಕು, ಬೇರೆ ದಾರಿ ಇಲ್ಲ. ಮೂರು ವರ್ಷ ಸತತವಾಗಿ ಕೇಳಿದ್ದೆ. ಅತ್ತೆ ಸಾಯುವಾಗ ಕಡ್ಡಿ ಹೊರಗೆ ಕೊಡಬೇಡ ಅಂದಿದ್ದಾರೆ ಎಂದು ಮೂರು ವರ್ಷವೂ ಕಾಫಿ ಕೊಟ್ಟು ಕಳಿಸಿದ್ದರು. ನಾನೂ ಮೂರನೇ ಸಲ ಸಿಟ್ಟಿನಲ್ಲಿ, ಮರವೇನು ಶಾಶ್ವತವಾ ಅಂದು ಬಂದಿದ್ದೆ.

ಈಗ ಫೋನಿನಲ್ಲಿ ಅವರ ದನಿ ತೀರಾ ಸಣ್ಣಗಾಗಿತ್ತು. "ಮರ ಬಿದ್ದೋತು ತಂಗಿ. ನಿನ್ನೆ ಗಾಳಿಗೆ. ಬೇರು ಅರ್ಧ ಇನ್ನೂ ಮಣ್ಣಲ್ಲೇ ಇದ್ದು. ಬತ್ಯಾ?"

ಆಡಿದ್ದ ಮಾತು ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಸಾಣೆಯವನ ಕೈಯಿಂದ ಕತ್ತಿ ಇಸಿದುಕೊಂಡು, ಬಟ್ಟೆಯಲ್ಲಿ ಸುತ್ತಿ, ಯಲ್ಲಾಪುರದ ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಏಳಕ್ಕೆಲ್ಲ ಹಳ್ಳದಲ್ಲಿದ್ದೆ. ಮರ ಹಳ್ಳಕ್ಕೆ ಅಡ್ಡವಾಗಿ ತಲೆ ಚಾಚಿ ಮಲಗಿತ್ತು. ಆಚೆ ಕಡೆಯ ಬೇರೆಲ್ಲ ಆಕಾಶ ನೋಡುತ್ತಿತ್ತು. ಮೇಲಿನ ಗೆಲ್ಲುಗಳ ಎಲೆ ಆಗಲೇ ಬಾಡಿದ್ದವು, ಮಣ್ಣು ಹಿಡಿದಿದ್ದ ಕಡೆಯ ಗೆಲ್ಲುಗಳಲ್ಲಿ ಮಾತ್ರ ಜೀವ ಇತ್ತು. ಸರಿಯಾದ ಕ್ರಮವೆಂದರೆ, ಕಡ್ಡಿ ತೆಗೆಯುವುದಕ್ಕೆ ವಾರ ಹತ್ತು ದಿನ ಮೊದಲೇ ಅದರ ಎಲೆ ಸವರಿಡಬೇಕು. ಆಗ ತುದಿಯ ಮೊಗ್ಗು ಉಬ್ಬುತ್ತದೆ, ಕಸಿ ಹಿಡಿಯುತ್ತದೆ. ಇಲ್ಲಿ ಹತ್ತು ದಿನ ಎಲ್ಲಿಂದ ತರುವುದು? ಪೆನ್ಸಿಲ್ ದಪ್ಪದ, ಮೊಗ್ಗು ತಾನಾಗಿಯೇ ಸ್ವಲ್ಪ ಉಬ್ಬಿದ ಕಡ್ಡಿಗಳನ್ನು ಹುಡುಕಿ ಹುಡುಕಿ ಕತ್ತರಿಯಿಂದ ತೆಗೆದೆ. ಸೀರೆ ಎತ್ತಿ ಕಟ್ಟಿ ಅಕ್ಕನೂ ನೀರಿಗಿಳಿದರು. ಸಿಕ್ಕಿದ್ದು ಮೂವತ್ತು. ಎಲೆ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆಪಟ್ಟೆ ಕಟ್ಟಿ, ನಾನು ಕೆಲಸ ಮಾಡುವ, ಉಮ್ಮಚಗಿಯ ಹತ್ತಿರದ ನರ್ಸರಿಗೆ ಅಲ್ಲಿಯ ಜೀಪಿನಲ್ಲೇ ತಂದೆವು. ಆ ಕಡ್ಡಿಗಳನ್ನು ಅದೇ ದಿನ ಕಟ್ಟಿ ಮುಗಿಸಬೇಕಿತ್ತು. ಬಿದ್ದ ಮರದ ಕಡ್ಡಿ, ಅದರೊಳಗೆ ಮೊದಲೇ ರಸ ಕಡಿಮೆ.

ಹನ್ನೆರಡಕ್ಕೆ ಕೂತೆ. ಕೆಲಸ ಹೇಳಿದರೆ ಸುಲಭ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬೆಳೆದ ಕಾಟುಮಾವಿನ ಗಿಡದ ತಲೆ ಹಾರಿಸಿ, ಕಾಂಡದ ನಡುವೆ ಎರಡು ಬೆರಳಿನಷ್ಟು ಆಳ ಸೀಳುವುದು. ಕಡ್ಡಿಯ ಬುಡವನ್ನು ಎರಡೂ ಕಡೆಯಿಂದ ಕೆತ್ತಿ ಬೆಣೆ ಮಾಡುವುದು. ಬೆಣೆಯನ್ನು ಸೀಳಿನೊಳಗೆ ಕೂರಿಸಿ, ತೊಗಟೆಗೆ ತೊಗಟೆ ಸೇರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಐಸ್‌ಕ್ಯಾಂಡಿ ತುಂಬುವ ಉದ್ದ ಕೊಟ್ಟೆಯನ್ನು ಟೊಪ್ಪಿಯ ಹಾಗೆ ಇಳಿಬಿಡುವುದು. ಪ್ರಾಣ ಇರುವುದು ಆ ಬೆಣೆಯ ಮುಖದಲ್ಲಿ. ಅದು ಕನ್ನಡಿಯಷ್ಟು ಸಮ ಇರಬೇಕು, ಒಂದೇ ಎಳೆತದಲ್ಲಿ ಬರಬೇಕು. ತೊಗಟೆಯ ಒಳಗಿನ ಹಸಿ ಪದರ ಆಚೆಯ ಹಸಿ ಪದರವನ್ನು ಉದ್ದಕ್ಕೂ ಮುಟ್ಟಿದರೆ ಮಾತ್ರ ಎರಡೂ ಬೆಸೆದುಕೊಳ್ಳುತ್ತವೆ. ನಡುವೆ ಗಾಳಿ ನಿಂತರೆ ಕೊಳೆಯುತ್ತದೆ.

ಅಕ್ಕ ಪಕ್ಕದಲ್ಲೇ ಕೂತು ಪಟ್ಟಿ ಕೊಡುತ್ತಿದ್ದರು. ಮೊದಲ ಕಡ್ಡಿ ಕೆತ್ತುವಾಗಲೇ ಕತ್ತಿ ಕಟ್ಟಿಗೆಯ ಒಳಕ್ಕೆ ಜಗ್ಗುತ್ತಿದೆ ಅನ್ನಿಸಿತು. ಮಣಿಕಟ್ಟಿನ ನೋವಿಗೆ ಕೈ ಹಿಡಿತ ತಪ್ಪುತ್ತಿದೆ ಅಂದುಕೊಂಡೆ. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುತ್ತಾರೆ, ನನ್ನದು ಉಲ್ಟಾ ಆಗಿತ್ತು. ನೆಲವೇ ಡೊಂಕಿತ್ತು, ನಾನು ಕಾಲನ್ನು ಬೈಯುತ್ತ ಕೂತಿದ್ದೆ. ಒಂದೂವರೆಯ ಹೊತ್ತಿಗೆ ಹದಿನಾಲ್ಕು ಕಟ್ಟಿದ್ದೆ.

ಎರಡರ ಬಸ್ಸಿಗೆ ಅಕ್ಕ ಎದ್ದರು. ಮೊಟ್ಟಮೊದಲು ಕಟ್ಟಿದ ಗಿಡವನ್ನು ಮಡಿಲಿಗೆ ತೆಗೆದುಕೊಂಡು, ಇದು ನನ್ನ ಜೊತೆಗೇ ಬರಲಿ ಎಂದರು. ಮೂರು ವಾರ ಇಲ್ಲೇ ನೆರಳಲ್ಲಿರಬೇಕು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಮರ ಇಲ್ಲದ ಹಳ್ಳ ನೋಡಿಕೊಂಡು ಬರಿಗೈಯಲ್ಲಿ ಮನೆ ಹೊಗಲಾರೆ ಎಂದರು. ಟೊಪ್ಪಿ ತೆಗೆಯಬೇಡಿ, ಬಿಸಿಲಿಗೆ ಇಡಬೇಡಿ ಎಂದು ಹೇಳಿ ಬಸ್ಸು ಹತ್ತಿಸಿದೆ.

ವಾಪಸು ಬಂದು ಹದಿನೈದನೆಯದನ್ನು ಕೆತ್ತಿ, ಪಟ್ಟಿ ಕತ್ತರಿಸಲೆಂದು ಕಡ್ಡಿಯನ್ನು ಮೇಜಿನ ಮೇಲಿದ್ದ ಫೋನಿನ ಗಾಜಿನ ಮೇಲೆ ಇಟ್ಟೆ. ಅದು ಗಾಜಿಗೆ ಪೂರ್ತಿ ಕೂರಲಿಲ್ಲ. ಎರಡು ಕೊನೆ ಮಾತ್ರ ತಾಗಿತ್ತು. ಫೋನು ಸಮೇತ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿದೆ. ಬೆಣೆ ಮತ್ತು ಗಾಜಿನ ನಡುವೆ ಬೆಳಕು ತೂರುತ್ತಿತ್ತು. ಕತ್ತಿ ತಿರುಗಿಸಿ ನೋಡಿದೆ, ಆಗ ಸಾಣೆಯವನ ಮಾತು ತಲೆಗೆ ಹೋಯಿತು.

ಅಡುಗೆಮನೆಯ ಚಾಕುವಿಗೆ ಎರಡೂ ಬದಿ ಇಳಿಜಾರು ಇರುತ್ತದೆ. ಕಸಿಕತ್ತಿಗೆ ಒಂದೇ ಬದಿ. ಇನ್ನೊಂದು ಬೆನ್ನು, ಅದು ತುದಿಯಿಂದ ಬುಡದವರೆಗೆ ಚಪ್ಪಟೆ. ಆ ಚಪ್ಪಟೆ ಬೆನ್ನು ಕಟ್ಟಿಗೆಗೆ ಒರಗಿಕೊಂಡು ಸಾಗುವುದರಿಂದಲೇ ಮುಖ ಸಮ ಬರುವುದು. ಅವನು ಆ ಬೆನ್ನಿಗೂ ಸಾಣೆ ಕೊಟ್ಟು ಇಳಿಜಾರು ಮಾಡಿದ್ದ. ಪಾಪ, ಅವನ ತಪ್ಪೇನು, ಹೇಳಿಯೂ ಹೇಳಿದ್ದ. ಕೂದಲು ಬೋಳಿಸುವಷ್ಟು ಹರಿತವಾದ ಕತ್ತಿ ನನ್ನ ಹದಿನಾಲ್ಕು ಬೆಣೆಗಳನ್ನೂ ದೋಣಿಯ ಹಾಗೆ ಕೊರೆದಿತ್ತು. ನನ್ನ ಮೇಲೇ ರೋಷ ಬಂತು. ಊರಿಗೆಲ್ಲ ಕತ್ತಿ ಬೇರೆಯವರಿಗೆ ಕೊಡಬೇಡಿ ಎಂದು ಪಾಠ ಹೇಳುವವಳು ನಾನು.

ನರ್ಸರಿಯ ಯಜಮಾನರು ಬಂದು ನೋಡಿ ತಮ್ಮ ಕತ್ತಿ ಚಾಚಿದರು. ಅದು ಪ್ರಯೋಜನಕ್ಕೆ ಬರುವಂತಿರಲಿಲ್ಲ. ನಾನು ಎಡಚಿ. ಬಲಗೈಯವರ ಕತ್ತಿಯ ಚಪ್ಪಟೆ ಬೆನ್ನು ನನ್ನ ಕೈಯಲ್ಲಿ ತಪ್ಪು ಕಡೆಗೆ ಬೀಳುತ್ತದೆ. ಅವರೇ ಕಟ್ಟಬಹುದಿತ್ತು, ಆದರೆ ಕಣ್ಣಿನ ಪೊರೆ ತೆಗೆಸಿ ಇನ್ನೂ ತಿಂಗಳಾಗಿರಲಿಲ್ಲ. ಶೇವಿಂಗ್ ಬ್ಲೇಡಿನಿಂದ ಒಂದು ಕಾಟು ಕಡ್ಡಿ ಕೆತ್ತಿ ನೋಡಿದೆ. ಮಾವಿನ ಕಟ್ಟಿಗೆಗೆ ಬ್ಲೇಡು ಬಾಗಿ ಅಲೆಅಲೆಯಾಗಿ ಹೋಯಿತು. ಉಳಿದದ್ದು ಒಂದೇ, ಕತ್ತಿಯನ್ನು ಮತ್ತೆ ಕಸಿಕತ್ತಿ ಮಾಡುವುದು. ಗಂಟೆ ಎರಡೂವರೆ. ಕತ್ತಲಾಗುವುದರೊಳಗೆ ಕಟ್ಟಿಯೂ ಮುಗಿಯಬೇಕು.

ನನ್ನ ಸಾಣೆಕಲ್ಲು ಕಾನಸೂರಿನಲ್ಲಿ ಬಡಗಿಯಾಗಿದ್ದ ಅಪ್ಪನದು. ನೀರಿನಲ್ಲಿ ನೆನೆಹಾಕಿ ತೆಗೆದು ಕತ್ತಿಯ ಬೆನ್ನು ಇಟ್ಟೆ, ಎರಡು ಕೊನೆ ಮಾತ್ರ ತಾಗಿತು. ಅಪ್ಪನ ಉಳಿಗಳು, ಆಮೇಲೆ ನನ್ನ ಕತ್ತಿ, ಎಲ್ಲ ಸೇರಿ ಕಲ್ಲಿನ ನಡುವನ್ನು ಸವೆಸಿ ತಗ್ಗು ಮಾಡಿದ್ದವು. ಇಷ್ಟು ವರ್ಷ ಮಸೆದದ್ದು ಇಳಿಜಾರಿನ ಬದಿಯನ್ನು ಮಾತ್ರ, ಬೆನ್ನಿಗೆ ಕಲ್ಲು ಮುಟ್ಟಿಸುವ ಪ್ರಸಂಗವೇ ಬಂದಿರಲಿಲ್ಲ, ಹಾಗಾಗಿ ತಗ್ಗು ತೊಂದರೆ ಕೊಟ್ಟಿರಲಿಲ್ಲ. ತಗ್ಗು ಕಲ್ಲಿನ ಮೇಲೆ ಚಪ್ಪಟೆ ಬೆನ್ನು ಬರುವುದು ಹೇಗೆ? ಮೊದಲು ಕಲ್ಲನ್ನೇ ಮಟ್ಟ ಮಾಡಬೇಕು.

ಗಿಡಕ್ಕೆ ಮಣ್ಣು ತುಂಬುವ ಮೇಜಿಗೆ ಕಡಪ ಕಲ್ಲು ಹಾಸಿತ್ತು. ಅದರ ಮೇಲೆ ಜರಡಿ ಹಿಡಿದ ಮರಳು ಚೆಲ್ಲಿ, ನೀರು ಹಾಕಿ, ಸಾಣೆಕಲ್ಲಿನ ಮೈಮೇಲೆ ಪೆನ್ಸಿಲಿನಿಂದ ಅಡ್ಡಡ್ಡ ಗೆರೆ ಎಳೆದು, ಮುಖ ಕೆಳಗೆ ಮಾಡಿ ಉಜ್ಜತೊಡಗಿದೆ. ಗೆರೆ ಅಳಿಸಿದಲ್ಲಿ ಎತ್ತರ, ಉಳಿದಲ್ಲಿ ತಗ್ಗು. ಇದಕ್ಕೆ ಬಲಗೈ ಸಾಕು, ಯಜಮಾನರೂ ಸರದಿಯಲ್ಲಿ ಉಜ್ಜಿದರು. ಹತ್ತು ನಿಮಿಷಕ್ಕೊಮ್ಮೆ ತೊಳೆದು ನೋಡುವುದು, ನಡುವಿನ ಗೆರೆ ಹಾಗೇ ಇರುವುದು. ಆ ಕಡೆ ಒದ್ದೆ ಬಟ್ಟೆಯೊಳಗೆ ಕಡ್ಡಿಗಳು. ಎರಡು ಸಲ ಎದ್ದು ಹೋಗಿ ನೀರು ಚಿಮುಕಿಸಿ ಬಂದೆ. ಮೂರೂಕಾಲಿಗೆ ಕೊನೆಯ ಗೆರೆ ಅಳಿಸಿತು.

ಆಮೇಲೆ ಕತ್ತಿ. ಅವನು ಬೆನ್ನಿನಲ್ಲಿ ಮಾಡಿದ ಇಳಿಜಾರು ಹೋಗಬೇಕಾದರೆ ಎದುರು ಬದಿಯಿಂದ ಮಸೆದು ಅಂಚನ್ನೇ ಹಿಂದಕ್ಕೆ ತರಬೇಕು. ಒಂದು ಅಕ್ಕಿಕಾಳಿನ ದಪ್ಪದಷ್ಟು ಉಕ್ಕು ಹೋಗಬೇಕು. ಎಡಗೈ ಉಳಿಸಿಕೊಳ್ಳೋಣವೆಂದು ಬಲಗೈಯಲ್ಲಿ ಮಸೆದೆ. ಹತ್ತು ನಿಮಿಷ ಕಳೆದು ನೋಡಿದರೆ ಬದಿ ಗುಂಡಗಾಗುತ್ತಿತ್ತು. ಅಭ್ಯಾಸವಿಲ್ಲದ ಕೈ ಪ್ರತಿ ಸಲ ಬೇರೆ ಬೇರೆ ಓರೆಯಲ್ಲಿ ಕತ್ತಿ ಹಿಡಿಯುತ್ತಿತ್ತು. ಇದ್ದ ಕೆಲಸದ ಮೇಲೆ ಇನ್ನಷ್ಟು ಕೆಲಸ. ಸಾಯಲಿ ಎಂದು ಮಣಿಕಟ್ಟಿಗೆ ಬಟ್ಟೆ ಬಿಗಿದು ಎಡಗೈಗೆ ಬದಲಾಯಿಸಿದೆ. ಓರೆ ಒಮ್ಮೆಲೇ ಸಿಕ್ಕಿತು, ನೋವೂ ಸಿಕ್ಕಿತು. ಹಲ್ಲು ಕಚ್ಚಿ ಹಿಂದೆ ಮುಂದೆ, ಹಿಂದೆ ಮುಂದೆ. ಕಲ್ಲಿನ ಮೇಲೆ ಕಪ್ಪು ಕೆಸರು ಏಳುತ್ತಿತ್ತು, ಅದನ್ನು ತೊಳೆಯಬಾರದು, ಮಸೆಯುವುದು ಅದೇ ಕೆಸರು.

ತುದಿಯಲ್ಲಿ ಉಗುರಿನಷ್ಟು ಜಾಗ ನೀಲಿಗಟ್ಟಿತ್ತು. ಮೋಟಾರಿನ ಬಿಸಿಗೆ ಅಲ್ಲಿಯ ಹದ ಸುಟ್ಟು ಉಕ್ಕು ಮೆತ್ತಗಾಗಿತ್ತು, ಎಷ್ಟು ಮಸೆದರೂ ಹರಿತ ನಿಲ್ಲುವಂತಿರಲಿಲ್ಲ. ಅಷ್ಟನ್ನು ಕೈಬಿಟ್ಟೆ, ಬುಡದ ಅರ್ಧದಲ್ಲೇ ಕೆಲಸ ಮಾಡುವುದೆಂದು ಲೆಕ್ಕ ಹಾಕಿದೆ. ನಾಲ್ಕು ಗಂಟೆಗೆ ಅಂಚಿನ ಉದ್ದಕ್ಕೂ ಬೆನ್ನಿನ ಕಡೆ ಕೂದಲೆಳೆಯಷ್ಟು ಸಿಬಿರು ಬೆರಳಿಗೆ ಸಿಕ್ಕಿತು. ಅಂಚು ಮುಟ್ಟಿದ್ದೇನೆ ಎಂಬುದಕ್ಕೆ ಅದೇ ಗುರುತು. ಬೆನ್ನನ್ನು ಕಲ್ಲಿಗೆ ಪೂರ್ತಿ ಒರಗಿಸಿ, ಎರಡು ಬೆರಳಲ್ಲಿ ಒತ್ತಿ, ಸಿಬಿರು ಬಿದ್ದು ಹೋಗುವವರೆಗೆ ಎಳೆದೆ. ಕಾಟು ಕಡ್ಡಿಯೊಂದನ್ನು ಕೆತ್ತಿ ಫೋನಿನ ಗಾಜಿನ ಮೇಲಿಟ್ಟೆ. ಪೂರ್ತಿ ಕೂತಿತು. ಬೆಳಕೂ ತೂರಲಿಲ್ಲ. ಈ ಕತ್ತಿಯಲ್ಲಿ ಈಗ ಮುಂಗೈಯ ಕೂದಲು ಬೋಳಾಗುತ್ತಿರಲಿಲ್ಲ.

ಉಳಿದ ಹದಿನಾರನ್ನು ಕಟ್ಟಲು ಒಂದೂವರೆ ಗಂಟೆ ಬೇಕಾಯಿತು. ಅಷ್ಟು ಹೊತ್ತೂ ಕಣ್ಣು ನೆರಳುಮನೆಯ ಕಡೆಗೇ ಹೋಗುತ್ತಿತ್ತು. ಅಲ್ಲಿ ಮೊದಲು ಕಟ್ಟಿದ್ದವು ಹದಿಮೂರು ಇದ್ದವು.

ನಮ್ಮ ಕೆಲಸದಲ್ಲಿ ಒಂದು ಮಾತಿದೆ, ಕಟ್ಟಿದ ಕಸಿ ಬಿಚ್ಚಬಾರದು. ಇಣುಕಿ ನೋಡಬೇಕೆಂಬ ಆಸೆಗೆ ಹಾಳಾದ ಗಿಡಗಳಿಗೆ ಲೆಕ್ಕವಿಲ್ಲ. ಹೊಸಬರಿಗೆ ಮೊದಲ ದಿನ ಕಲಿಸುವುದೇ ಅದು. ಬಿಚ್ಚಿದರೆ ಕಡ್ಡಿಗೆ ಗಾಳಿ ತಾಗುತ್ತದೆ, ಮತ್ತೆ ಕೆತ್ತಿದರೆ ಹೆಬ್ಬೆರಳಿನಷ್ಟು ಗಿಡ್ಡವಾಗುತ್ತದೆ, ಒಂದೆರಡು ಮೊಗ್ಗು ಹೋಗುತ್ತದೆ, ಕೆಳಗಿನ ಕಾಂಡವನ್ನೂ ಇಳಿಸಬೇಕು. ಬಿಚ್ಚದಿದ್ದರೆ ಒಳಗೆ ಗಾಳಿ ಇದೆ.

"ಕಟ್ಟಿದ್ದನ್ನ ಬಿಚ್ಚೂದು ಅಂದ್ರೆ ಎಂತದು ಮಾರಾಯ್ತಿ? ನಾಕಾದ್ರೂ ಹಿಡೀತಿತ್ತು, ಅದನ್ನೂ ಕಳೀತೀಯ" ಎಂದರು ಯಜಮಾನರು. ಅವರು ಹೇಳಿದ್ದು ಸುಳ್ಳಲ್ಲ. ಕೆಟ್ಟ ಬೆಸುಗೆಯೂ ಒಮ್ಮೊಮ್ಮೆ ಹಿಡಿಯುವುದುಂಟು.

ಒಂದನ್ನು ಬಿಚ್ಚಿದೆ. ನಾಲ್ಕು ತಾಸಿನಲ್ಲೇ ಬೆಣೆಯ ನಡುವಿನ ತಗ್ಗು ಕಂದಾಗಿತ್ತು, ತಾಗಿದ ಎರಡು ಕೊನೆ ಮಾತ್ರ ಹಸಿರಿತ್ತು. ನೋಡಿದ ಮೇಲೆ ಕೈಕಟ್ಟಿ ಕೂರುವುದು ನನ್ನಿಂದಾಗಲಿಲ್ಲ. ಹದಿಮೂರನ್ನೂ ಬಿಚ್ಚಿದೆ. ಕಂದಾದ ಭಾಗ ತೆಗೆದು ಹೊಸ ಬೆಣೆ ಕೆತ್ತಿ ಒಂದೊಂದೇ ಕಟ್ಟಿದೆ. ಮೂರು ಕಡ್ಡಿಗಳಿಗೆ ಎರಡೇ ಮೊಗ್ಗು ಉಳಿದವು. ಕೊನೆಯ ಗಂಟು ಬಿಗಿಯುವಾಗ ಹೊತ್ತು ಮುಳುಗಿತ್ತು, ಎಡಗೈಯ ಬೆರಳು ಮಡಚಲು ಬರುತ್ತಿರಲಿಲ್ಲ.

ಹದಿನಾಲ್ಕರಲ್ಲಿ ಉಳಿದ ಒಂದು, ಮೊಟ್ಟಮೊದಲು ಕಟ್ಟಿದ್ದು, ಮಾಗೋಡಿನ ದಾರಿಯಲ್ಲಿ ಅಕ್ಕನ ಮಡಿಲಲ್ಲಿ ಹೋಗಿತ್ತು. ಫೋನು ಮಾಡಿ ಹೇಳಬೇಕಿತ್ತು. ನನ್ನ ಕತ್ತಿ ಕೆಟ್ಟಿತ್ತು ಅಕ್ಕ, ಅದನ್ನು ವಾಪಸು ತನ್ನಿ ಎಂದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನಾಳೆ ಎಂದುಕೊಂಡೆ. ನಾಳೆಗೆ ಕಡ್ಡಿ ಒಣಗಿರುತ್ತದೆ, ಹೇಳಿ ಏನು ಪ್ರಯೋಜನ ಅಂದುಕೊಂಡೆ. ಮೂರು ವರ್ಷ ಕಡ್ಡಿ ಕೊಡದವರಿಗೆ, ಕೊಟ್ಟ ದಿನವೇ ಹಾಳು ಮಾಡಿದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಇದ್ದದ್ದು ಇಷ್ಟೇ.

ಮೂರು ವಾರ ದಿನಾ ಬೆಳಿಗ್ಗೆ ಟೊಪ್ಪಿಗಳೊಳಗೆ ಇಣುಕಿದೆ. ಮೊದಲ ವಾರದಲ್ಲಿ ಐದು ಕಪ್ಪಾದವು. ಎರಡನೆಯದರಲ್ಲಿ ಇನ್ನಷ್ಟು. ಒಂದರ ಮೇಲೊಂದು ಕಡ್ಡಿ ಸುಕ್ಕುಗಟ್ಟುವಾಗ ಊಟ ರುಚಿಸುತ್ತಿರಲಿಲ್ಲ, ಮನೆಯವರ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದೆ. ಮಳೆ ಹಿಡಿದ ಮೇಲೆ, ಮೊದಲೇ ಎಲೆ ಸವರಿಡದ ಆ ಕಡ್ಡಿಗಳಲ್ಲೊಂದರ ತುದಿಯಲ್ಲಿ ಮೊದಲ ಮೊಗ್ಗು ಕೆಂಪಗೆ ಒಡೆಯಿತು. ಆಮೇಲೆ ಇನ್ನೊಂದು. ಒಟ್ಟು ಒಂಬತ್ತು ಹಿಡಿದವು. ಸರಿಯಾದ ಕತ್ತಿಯಲ್ಲಿ ಕಟ್ಟಿದ ಹದಿನಾರರಲ್ಲಿ ಆರು, ಬಿಚ್ಚಿ ಕಟ್ಟಿದ್ದರಲ್ಲಿ ಮೂರು. ಎಲ್ಲ ಒಂಬತ್ತೂ ಗಂಟಿನ ಮೇಲಿನಿಂದ ಚಿಗುರಿದ್ದವು.

ಅದೇ ವಾರ ಅಕ್ಕನ ಫೋನು. "ಚಿಗುರಿದ್ದು ತಂಗಿ. ಎರಡು ಎಲೆ ಬೈಂದು. ಬಂದು ನೋಡು."

ಯಜಮಾನರ ಮಾತೇ ನಿಜವಾಯಿತೇನೋ, ಕೆಟ್ಟ ಬೆಸುಗೆಯೂ ಹಿಡಿಯಿತೇನೋ ಎಂದು ಒಂದು ಕ್ಷಣ ಎದೆ ಹಗುರಾಯಿತು. ಹಾಗಾಗಿದ್ದರೆ ಏನೂ ಹೇಳಬೇಕಾಗಿರಲಿಲ್ಲ. ಒಂಬತ್ತರಲ್ಲಿ ಗಟ್ಟಿಯಾಗಿದ್ದ ಎರಡನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋದೆ. ಅಕ್ಕ ಆ ಗಿಡವನ್ನು ಜಗಲಿಯ ಕಟ್ಟೆಯ ಮೇಲೆ, ಭರಣಿಗಳ ಪಕ್ಕದಲ್ಲಿ ಇಟ್ಟಿದ್ದರು. ಎರಡು ತೆಳು ಎಲೆ ನಿಜವಾಗಿಯೂ ಬಂದಿದ್ದವು. ಬಗ್ಗಿ ನೋಡಿದೆ. ಚಿಗುರು ಗಂಟಿನ ಕೆಳಗಿನಿಂದ ಬಂದಿತ್ತು. ಮೇಲಿನ ಕಡ್ಡಿ ಸೌದೆಯಾಗಿತ್ತು. ಬದುಕಿದ್ದು ಕಾಟುಮಾವು.

ಅಕ್ಕ ನನ್ನ ಮುಖ ನೋಡುತ್ತ ನಿಂತಿದ್ದರು. ಹೌದು ಅಕ್ಕ, ಚಿಗುರಿದೆ ಎಂದು ಹೇಳಿ, ಬುಟ್ಟಿಯಿಂದ ಒಂದು ತೆಗೆದು ಯಾವಾಗಲಾದರೂ ಸದ್ದಿಲ್ಲದೆ ಬದಲಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ನನಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಟ್ಟೆಯ ಮೇಲೆ ಕೂತೆ.

"ಅಕ್ಕಾ, ಇದು ನಿಮ್ಮ ಮರದ ಚಿಗುರಲ್ಲ. ಗಂಟಿನ ಕೆಳಗಿಂದ ಬಂದದ್ದು. ಕಸಿ ಸತ್ತಿದೆ. ಸಾಯ್ತದೆ ಅಂತ ನನಗೆ ಅವತ್ತೇ ಗೊತ್ತಿತ್ತು."

ಅಷ್ಟು ಹೊರಬಿದ್ದ ಮೇಲೆ ಉಳಿದದ್ದು ತಾನಾಗಿಯೇ ಬಂತು. ಸಿರಸಿಯ ಸಾಣೆ, ಹದಿನಾಲ್ಕು ಬೆಣೆ, ಬಿಚ್ಚಿದ್ದು, ಫೋನು ಮಾಡದೆ ಉಳಿದದ್ದು, ಎಲ್ಲವನ್ನೂ ಹೇಳಿದೆ. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ.

ಅಕ್ಕ ಕಾಟುಮಾವಿನ ಒಂದೆಲೆ ಕಿತ್ತು, ಅಂಗೈಯಲ್ಲಿ ತಿಕ್ಕಿ ನನ್ನ ಮೂಗಿನ ಹತ್ತಿರ ಹಿಡಿದರು. ಬರೀ ಮಾವಿನೆಲೆಯ ವಾಸನೆ.

"ಜೀರಿಗೆ ಇಲ್ಲೆ. ಆನು ಎಂಟು ದಿನದ ಹಿಂದೆಯೇ ತಿಕ್ಕಿ ನೋಡಿದ್ದೆ" ಎಂದರು. "ನೀ ಬಂದು ಹೇಳ್ತ್ಯ ಇಲ್ಯ, ನೋಡನ ಹೇಳಿ ಕಾದಿದ್ದೆ."

ಅವರು ಬುಟ್ಟಿಯೊಳಗಿನ ಎರಡು ಗಿಡ ನೋಡಿದರು. ಒಂದರ ಕೆಂಪು ಚಿಗುರಿನ ತುದಿಯನ್ನು ಉಗುರಿನಷ್ಟೇ ಚಿವುಟಿ ಮೂಸಿದರು, ಬಹಳ ಹೊತ್ತು ಮೂಸಿದರು. ಎಷ್ಟು ಹಿಡಿದಿವೆ ಎಂದು ಕೇಳಿದರು. ಒಂಬತ್ತು ಅಂದೆ. ಒಳಗೆ ಹೋಗಿ ಕಾಫಿ ತಂದುಕೊಟ್ಟರು. ನಾನು ಲೋಟ ಕೆಳಗಿಟ್ಟ ಮೇಲೆ ಹೇಳಿದರು.

"ಎಂಗೆ ಈ ಎರಡೇ ಸಾಕು ತಂಗಿ. ಉಳಿದ ಏಳೂ ನಿನ್ನ ನರ್ಸರಿಲೇ ಬೆಳೀಲಿ. ಕೇಳಿದವ್ಕೆಲ್ಲ ಕಡ್ಡಿ ಕೊಡು. ಕತ್ತಿ ಮಾತ್ರ ಯಾರಿಗೂ ಕೊಡಬ್ಯಾಡ."